ನಲವತ್ತೆರಡು ಮೆಟ್ಟಿಲು

ಪದ್ಯ ಕೆತ್ತಿದ ಕಲ್ಲುಗಳು ಒಟ್ಟು ಮೂವತ್ತಾರು. ಮೂವತ್ತಾರನ್ನೂ ದಿನಾ ಬೆಳಿಗ್ಗೆ ತಿಕ್ಕಬೇಕು. ಪಾಚಿ ಮೊದಲು ಹಿಡಿಯುವುದು ಅಕ್ಷರದ ಸಂದಿಯಲ್ಲೇ. ಬ್ರಷ್ಷು ಅಲ್ಲಿಗೆ ಹೋಗುವುದಿಲ್ಲ. ಬಿದಿರ ಕಡ್ಡಿಯ ತುದಿಗೆ ಚಿಂದಿ ಸುತ್ತಿ, ತಣ್ಣೀರಲ್ಲಿ ಅದ್ದಿ, ಒಂದೊಂದು ಅಕ್ಷರವನ್ನೂ ಕೆರೆಯಬೇಕು. ಲಿಂಗ್‌ಮೇ ನಾಲ್ಕು ವರ್ಷದಿಂದ ಕೆರೆಯುತ್ತಿದ್ದಾಳೆ. ಅವಳಿಗೀಗ ಐವತ್ತೆಂಟು.

ಓದು ಅವಳಿಗೆ ಅಷ್ಟಕ್ಕಷ್ಟೇ. ಎರಡು ಚಳಿಗಾಲ ಶಾಲೆಗೆ ಹೋಗಿದ್ದಳು. ಮೀನು ನಾತ ಅಂತ ಪಕ್ಕದ ಹುಡುಗರು ಮೂಗು ಮುಚ್ಚಿಕೊಂಡರು. ಬಿಟ್ಟಳು. ಆದರೆ ನಾಲ್ಕು ವರ್ಷ ಅದದೇ ಕಲ್ಲು ತಿಕ್ಕಿದರೆ ಕೈಗೇ ಅಕ್ಷರ ಗೊತ್ತಾಗುತ್ತದೆ. ಚಂದ್ರ ಎಂಬ ಅಕ್ಷರ ಹದಿನೇಳು ಕಲ್ಲಿನಲ್ಲಿದೆ. ಜೊಂಡು ಹನ್ನೊಂದರಲ್ಲಿದೆ. ಬೆಸ್ತ ಒಂಬತ್ತರಲ್ಲಿದ್ದಾನೆ. ಆ ಒಂಬತ್ತರಲ್ಲೂ ಅವನು ಸುಖವಾಗಿದ್ದಾನೆ. ಹಾಡುತ್ತಾನೆ, ಕುಡಿಯುತ್ತಾನೆ, ದೋಣಿಯಲ್ಲೇ ನಿದ್ದೆ ಹೊಡೆಯುತ್ತಾನೆ. ಅವನು ಬಲೆ ಎಳೆದದ್ದು ಒಂದು ಕಲ್ಲಿನಲ್ಲೂ ಇಲ್ಲ.

ಸಾವಿರ ವರ್ಷದಿಂದ ದೊಡ್ಡ ದೊಡ್ಡ ಕವಿಗಳು ಈ ಲೂಹ್ವಾ ಜೌಗಿಗೆ ಬಂದಿದ್ದಾರಂತೆ. ಜೊಂಡಿನ ಬಿಳಿ ಹೂವು ನೋಡಿದರಂತೆ. ದೋಣಿಯಲ್ಲಿ ಕೂತು, ಬಿಸಿ ಮದ್ಯ ಕುಡಿದು, ಪದ್ಯ ಬರೆದು ಹೋದರಂತೆ. ಆ ದೋಣಿಗೆ ಕೋಲು ಹಾಕಿದವರು ಯಾರು ಎಂದು ಒಬ್ಬನೂ ಬರೆಯಲಿಲ್ಲ. ಕೋಲು ಹಾಕಿದ್ದು ನಮ್ಮವರೇ. ಒಂಬತ್ತು ಮನೆತನದ ದೋಣಿ ಮಂದಿ. ನೀರಲ್ಲಿ ಹುಟ್ಟಿ ನೀರಲ್ಲೇ ಸಾಯಬೇಕು ಎಂದು ನೆಲದವರು ಬರೆದಿಟ್ಟ ಜನ. ನೆಲದಲ್ಲಿ ಮನೆ ಕಟ್ಟಬಾರದು, ನೆಲದ ಹೆಣ್ಣು ತರಬಾರದು, ಅಧಿಕಾರಿಯಾಗುವ ಪರೀಕ್ಷೆಗೆ ಕೂರಬಾರದು. ನೆಲದ ಮೇಲೆ ಕಾಲಿಟ್ಟರೆ ಜೋಡು ಹಾಕಬಾರದು. ಕಾಯಿದೆ ಹೋಗಿ ನೂರು ವರ್ಷ ಕಳೆದರೂ ದಂಡೆಯ ಹಮಾಲರು ಅದನ್ನು ಬಿಟ್ಟಿರಲಿಲ್ಲ.

ಈಗ ಲೂಹ್ವಾ ಜೌಗು ಪಾರ್ಕು ಆಗಿದೆ. ನದಿಯಲ್ಲಿ ಬಲೆ ಹಾಕುವಂತಿಲ್ಲ. ಹಕ್ಕಿ ಬರಬೇಕು, ಮೀನು ಉಳಿಯಬೇಕು. ಲಿಂಗ್‌ಮೇಯ ದೋಣಿಯನ್ನು ಯಂತ್ರದ ಗರಗಸದಲ್ಲಿ ಮೂರು ತುಂಡು ಮಾಡಿ ಒಯ್ದರು. ಅವಳ ಗಂಡ ಶ್ವೇಶಂಗ್ ಆ ದಿನ ಊಟ ಮಾಡಲಿಲ್ಲ. ಆಮೇಲೆ ಕಂಪನಿಯವರು ಬಂದು, ನಿಮಗೇ ಮೊದಲ ಕೆಲಸ, ನೀವೇ ಈ ಪಾರ್ಕಿನ ಪ್ರಾಣ ಎಂದರು. ಶ್ವೇಶಂಗನ ಕೆಲಸ ದಿನಕ್ಕೆ ಮೂರು ಹೊತ್ತು ದೋಣಿಯ ತುದಿಯಲ್ಲಿ ನಿಂತು ಬಲೆ ಬೀಸುವುದು. ಮಂಜಿನಲ್ಲಿ ಬಲೆ ಅರಳುವಾಗ ದಂಡೆಯಲ್ಲಿ ಸಾಲಾಗಿ ಕ್ಯಾಮೆರಾ ಕ್ಲಿಕ್ ಎನ್ನುತ್ತವೆ. ಆ ಬಲೆಗೆ ತಳವೇ ಇಲ್ಲ. ಅಪ್ಪಿತಪ್ಪಿ ಮೀನು ಬಿದ್ದೀತು ಎಂದು ಕಂಪನಿಯವರು ತಳ ಕತ್ತರಿಸಿ ಕೊಟ್ಟಿದ್ದಾರೆ.

ಲಿಂಗ್‌ಮೇಯ ಕೆಲಸ ಬೆಳಿಗ್ಗೆ ಕಲ್ಲು ತಿಕ್ಕುವುದು, ಆಮೇಲೆ ಮದುಮಗಳನ್ನು ಎಸೆಯುವುದು.

ಅದು ದೋಣಿ ಮಂದಿಯ ಮದುವೆ. ನೆಲವಿಲ್ಲದವರು ಮೆರವಣಿಗೆ ಎಲ್ಲಿ ಮಾಡಬೇಕು? ನಡುನೀರಲ್ಲಿ ಎರಡು ದೋಣಿ ನಿಲ್ಲಿಸುತ್ತಿದ್ದರು. ದೋಣಿಗೆ ದೋಣಿ ತಾಗಬಾರದು, ತಾಗಿದರೆ ಸಂಸಾರ ಒಡೆಯುತ್ತದೆ. ಹೆಣ್ಣನ್ನು ಮರದ ತೊಟ್ಟಿಯಲ್ಲಿ ಕೂರಿಸಿ, ಗಟ್ಟಿ ತೋಳಿನವರೊಬ್ಬರು ಎತ್ತಿ ಆ ಕಡೆಗೆ ಎಸೆಯುತ್ತಿದ್ದರು. ಆ ಕಡೆಯವರು ಹಿಡಿಯುತ್ತಿದ್ದರು. ಈಗ ಮದುಮಗಳು ನಗರದ ಕಲಾಶಾಲೆಯಿಂದ ಬಂದ ಟಿಂಗ್‌ಟಿಂಗ್ ಎಂಬ ನೆಲದ ಹುಡುಗಿ. ಅವಳ ಸೊಂಟಕ್ಕೆ ಹಗ್ಗದ ಪಟ್ಟಿ. ಕಾಲಿಗೆ ಕಸೂತಿಯ ಕೆಂಪು ಜೋಡು, ಒಳಗೆ ಪಾದ ಬೆಚ್ಚಗಿಡುವ ಅಂಟುಪಟ್ಟಿ. ಎಸೆಯುವ ಲಿಂಗ್‌ಮೇಗೆ, ಕೋಲು ಹಾಕುವ ಜಿನ್‌ಫೆಂಗ್ ಮತ್ತವಳ ಜೊತೆಯ ಮೂವರು ಹೆಂಗಸರಿಗೆ ಬರಿಗಾಲು.

ದೋಣಿಯ ಮೇಲೆ ಬರಿಗಾಲಾದರೆ ಚಿಂತೆ ಇಲ್ಲ. ದೋಣಿಯೊಳಗೆ ಜೋಡು ಹಾಕುವುದು ದೋಣಿ ಮಂದಿಯಲ್ಲೇ ಇಲ್ಲ. ಅದು ಅಡಿಗೆ ಮಾಡುವ ಜಾಗ, ಮಕ್ಕಳು ಹುಟ್ಟುವ ಜಾಗ. ಆದರೆ ಕಂಪನಿಯ ಬರಿಗಾಲು ದೋಣಿಗೆ ಮುಗಿಯುತ್ತಿರಲಿಲ್ಲ. ದಂಡೆಯ ಕಟ್ಟೆಯ ಮೆಟ್ಟಿಲುಗಲ್ಲಿನ ಮೇಲೂ ಬರಿಗಾಲು, ಪೇಟೆ ಬೀದಿಯ ಮೆರವಣಿಗೆಯಲ್ಲೂ ಬರಿಗಾಲು, ಜನರ ಜೊತೆ ಫೋಟೋಗೆ ನಿಲ್ಲುವಾಗಲೂ ಬರಿಗಾಲು. ಬೆಳಿಗ್ಗೆ ಬಂದ ಕೂಡಲೇ ಹೆಂಗಸರ ಬೂಟುಗಳನ್ನು ಕಟ್ಟೆಯ ಕೆಳಗಿನ ತಗಡಿನ ಪೆಟ್ಟಿಗೆಗೆ ಹಾಕಿ ಬೀಗ ಜಡಿಯುತ್ತಿದ್ದರು. ಸಂಜೆಗೆ ಕೊಡುತ್ತಿದ್ದರು. ಲಿಂಗ್‌ಮೇಯ ಹಿಮ್ಮಡಿಯಲ್ಲಿ ಬೆರಳು ತೂರುವಷ್ಟು ಬಿರುಕಿತ್ತು. ಹಂದಿ ಕೊಬ್ಬು ಕಾಯಿಸಿ ತುಂಬಿಕೊಳ್ಳುತ್ತಿದ್ದಳು. ಚಳಿಗೆ ಬೆರಳುಗಳು ನೇರಳೆ ಬಣ್ಣಕ್ಕೆ ತಿರುಗಿ ಊದಿ, ಮನೆಯಲ್ಲಿ ಬೆಂಕಿಯ ಹತ್ತಿರ ಕೂತರೆ ಕಿತ್ತು ಬಿಸಾಡುವಂತೆ ತುರಿಸುತ್ತಿದ್ದವು.

ಇದನ್ನೆಲ್ಲ ಬರೆದವರು ಷೆನ್ ಮೇಷ್ಟ್ರು. ಕೆಟ್ಟವರಲ್ಲ. ಅದೇ ಕಷ್ಟ. ಕೆಟ್ಟವರಾಗಿದ್ದರೆ ಬೈಯಬಹುದಿತ್ತು. ಕಾಲೇಜಿನಲ್ಲಿ ಪದ್ಯ ಪಾಠ ಮಾಡಿ ನಿವೃತ್ತರಾದ ಮನುಷ್ಯ, ಪಾರ್ಕಿನ ಆಟವನ್ನೆಲ್ಲ ಅವರೇ ಹೊಸೆದವರು. ಯಾರೋ ಪರದೇಶದವನು ಹಿಂದೆಂದೋ ತೆಗೆದ ಫೋಟೋ ಅವರ ಕೈಗೆ ಸಿಕ್ಕಿತ್ತು. ಇದೇ ಕಟ್ಟೆಯ ಮೆಟ್ಟಿಲ ಮೇಲೆ ದೋಣಿಯ ಹೆಂಗಸೊಬ್ಬಳು ಬರಿಗಾಲಲ್ಲಿ ನಿಂತಿದ್ದಾಳೆ. ಅದನ್ನು ಗೋಡೆಯಷ್ಟು ದೊಡ್ಡದು ಮಾಡಿಸಿ ಬಾಗಿಲಲ್ಲಿ ಹಾಕಿಸಿ, ಕೆಳಗೆ 'ಪ್ರಕೃತಿಯ ಮಡಿಲಲ್ಲಿ' ಎಂದು ಬರೆಸಿದ್ದರು.

ಒಮ್ಮೆ ಲಿಂಗ್‌ಮೇ ಧೈರ್ಯ ಮಾಡಿ ಹೇಳಿದ್ದಳು.

"ಮೇಷ್ಟ್ರೇ, ದೋಣಿ ಮೇಲೆ ಬರಿಗಾಲು ನಮ್ ಪದ್ಧತಿ. ನೆಲದ ಮೇಲೆ ಬರಿಗಾಲು ನಮ್ ಪದ್ಧತಿ ಅಲ್ಲ. ಅದು ನೆಲದವ್ರು ನಮಗೆ ಹಾಕಿದ್ದ ಶಿಕ್ಷೆ."

ಷೆನ್ ಮೇಷ್ಟ್ರ ಕಣ್ಣು ಅರಳಿತ್ತು. "ಎಷ್ಟ್ ಚೆನ್ನಾಗಿ ಹೇಳಿದ್ರಿ! ಇನ್ನೊಂದ್ ಸಲ ಹೇಳಿ" ಎಂದು ಕಿಸೆಯಿಂದ ಪುಸ್ತಕ ತೆಗೆದು ಬರೆದುಕೊಂಡಿದ್ದರು. ಬರೆದದ್ದು ಪುಸ್ತಕದಲ್ಲೇ ಉಳಿಯಿತು. ಮಾರನೇ ದಿನವೂ ಪೆಟ್ಟಿಗೆಗೆ ಬೀಗ ಬಿತ್ತು.

ಹೊಸ ವರ್ಷ ಕಳೆದು ಒಂದು ವಾರಕ್ಕೆ ಮ್ಯಾನೇಜರ್ ಫಾಂಗ್ ಮತ್ತು ಷೆನ್ ಮೇಷ್ಟ್ರು ಕಲ್ಲುಗಳ ಹತ್ತಿರವೇ ಬಂದರು. ಲಿಂಗ್‌ಮೇ ಇಪ್ಪತ್ತೆರಡನೇ ಕಲ್ಲಿನ ಮುಂದೆ ಕುಕ್ಕರಗಾಲಲ್ಲಿದ್ದಳು. ಪ್ರಾಂತದಿಂದ ದೊಡ್ಡವರು ಬರುತ್ತಾರಂತೆ. ಪಾರ್ಕಿಗೆ ಇನ್ನೊಂದು ನಕ್ಷತ್ರ ಕೊಡಬೇಕೋ ಬೇಡವೋ ಎಂದು ನೋಡುತ್ತಾರಂತೆ.

"ನಿಮ್ಮವ್ವಂಗೆ ಎಷ್ಟು ವಯಸ್ಸು?" ಎಂದ ಫಾಂಗ್.

"ಎಂಬತ್ಮೂರು."

"ನಡೀತಾರಾ?"

"ನನಗಿಂತ ಚೆನ್ನಾಗಿ ನಡೀತಾಳೆ."

ಷೆನ್ ಮೇಷ್ಟ್ರು ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತರು. "ಲಿಂಗ್‌ಮೇ ಅಕ್ಕಾ, ಮದುವೇಲಿ ದೋಣಿಯಿಂದ ದೋಣಿಗೆ ಎಸೆಸಿಕೊಂಡವ್ರಲ್ಲಿ ಬದುಕಿರೋದು ಅವರೊಬ್ರೇ. ಅವರು ಬಂದ್ರೆ ಆಟಕ್ಕೆ ಜೀವ ಬರುತ್ತೆ. ಹೆಚ್ಚೇನೂ ಬೇಡ. ಮದುಮಗಳ ತಾಯಿ ಮಗಳಿಗೆ ಕೆಂಪು ಬಟ್ಟೆ ತರೋಕೆ ದೋಣಿಯಿಂದಿಳಿದು ಮೆಟ್ಟಿಲು ಹತ್ತಿ ಪೇಟೆಗೆ ಹೋಗ್ತಾಳೆ. ಅಷ್ಟೇ. ದೊಡ್ಡವರು ನಡುನೀರಲ್ಲಿ ದೊಡ್ಡ ದೋಣೀಲಿ ಕೂತು ನೋಡ್ತಾರೆ."

"ಬರಿಗಾಲಲ್ಲಾ?"

"ಫೋಟೋದಲ್ಲಿರೋ ಹಾಗೆ" ಎಂದರು ಮೇಷ್ಟ್ರು, ಮೆಲ್ಲಗೆ.

"ಅವ್ವ ಒಪ್ಪಲ್ಲ."

ಫಾಂಗ್ ಆಕಡೆ ಈಕಡೆ ನೋಡಿದ. ಕೈಯನ್ನು ಕೋಟಿನ ಕಿಸೆಯಿಂದ ತೆಗೆಯಲಿಲ್ಲ. "ನೋಡಮ್ಮ, ನಿನ್ ಗಂಡಂಗೆ ಬೆನ್ನು ಸರಿಯಿಲ್ಲ. ಬಲೆ ಈಗ ಅರಳ್ತಾ ಇಲ್ಲ, ಮುದ್ದೆ ಮುದ್ದೆಯಾಗಿ ಬೀಳ್ತಿದೆ. ಫೋಟೋದವ್ರು ಬೈತಾರೆ. ಅವನನ್ನ ಕಾವಲಿಗೆ ಹಾಕೋಣ ಅಂತಿದೀನಿ, ಕೂತ್ಕೊಳ್ಳೋ ಕೆಲಸ. ಕಾವಲಿಗೆ ತಗೊಂಡ್ರೆ ನೀವಿರೋ ಕಂಪನಿ ಕೋಣೆನೂ ಉಳಿಯುತ್ತೆ. ನಾನು ನಿಮ್ ಕಡೆ ನೋಡ್ತೀನಿ, ನೀವೂ ಸ್ವಲ್ಪ ನಮ್ ಕಡೆ ನೋಡ್ಬೇಕಲ್ವಾ?"

ಲಿಂಗ್‌ಮೇ ಕಡ್ಡಿಯ ತುದಿಯ ಚಿಂದಿ ಹಿಂಡಿದಳು. ಹಸಿರು ನೀರು ಇಳಿಯಿತು. "ಆಯ್ತು" ಎಂದಳು.

ಅವ್ವ ಕೋಣೆಯ ಬಾಗಿಲಲ್ಲಿ ಬಿಸಿಲಿಗೆ ಕೂತು ಜೋಡಿನ ಅಡಿ ಹೊಲಿಯುತ್ತಿದ್ದಳು. ಹಳೇ ಬಟ್ಟೆಯನ್ನು ಗಂಜಿಯಲ್ಲಿ ಅದ್ದಿ ಪದರ ಪದರ ಅಂಟಿಸಿ, ಒಣಗಿಸಿ, ಸೆಣಬಿನ ದಾರದಲ್ಲಿ ಒತ್ತೊತ್ತಾಗಿ ಹೊಲಿಯುವ ಜೋಡು. ವರ್ಷಕ್ಕೆ ಎರಡು ಜೊತೆ, ಒಂದು ತನಗೆ, ಒಂದು ಮಗಳಿಗೆ. ಅಂಗಡಿಯದು ಕೊಡಿಸುತ್ತೇನೆ ಎಂದರೆ ಕೇಳುವವಳಲ್ಲ. ಹೊಲಿಗೆ ನೋಡುವಷ್ಟು ಕಣ್ಣು ಈಗಿಲ್ಲ. ಬೆರಳೇ ನೋಡುತ್ತದೆ.

ನೆಲದ ಮೇಲೆ ಅವ್ವ ಬರಿಗಾಲಲ್ಲಿ ನಿಂತದ್ದನ್ನು ಲಿಂಗ್‌ಮೇ ತನ್ನ ಜನ್ಮದಲ್ಲಿ ನೋಡಿಲ್ಲ. ಹಾಸಿಗೆಯಿಂದ ಕಾಲು ಕೆಳಗಿಡುವ ಮೊದಲು ಜೋಡು. ಬಚ್ಚಲಿಗೆ ಜೋಡು. ಜ್ವರದಲ್ಲಿ ಮೈಮೇಲೆ ಎಚ್ಚರವಿಲ್ಲದೆ ಆಸ್ಪತ್ರೆಗೆ ಎತ್ತಿಕೊಂಡು ಹೋದಾಗಲೂ ಜೋಡು ಎಲ್ಲಿ ಎಂದು ಕೇಳಿದ್ದಳು. ಯಾಕೆ ಎಂದು ಲಿಂಗ್‌ಮೇಗೆ ಗೊತ್ತಿತ್ತು. ಅವ್ವ ಅದನ್ನು ಅತ್ತು ಹೇಳಿದವಳಲ್ಲ, ಮೀನು ಸೀಳುತ್ತಾ ಹೇಳುತ್ತಿದ್ದಳು.

ಅವ್ವನಿಗಾಗ ಏಳು ವರ್ಷ. ದೋಣಿಯಲ್ಲಿ ತಮ್ಮನಿಗೆ ಜ್ವರ ಏರಿತ್ತು. ಕಟ್ಟೆಯ ಕಲ್ಲಿನ ಮೇಲೆ ಹಿಮ ಗಟ್ಟಿಯಾಗಿತ್ತು. ಅವ್ವನ ಅವ್ವ ಮದುವೆಗೆಂದು ಹೊಲಿಸಿದ್ದ ಜೋಡು ಪೆಟ್ಟಿಗೆಯಿಂದ ತೆಗೆದು ಹಾಕಿಕೊಂಡು ಔಷಧ ತರಲು ಹೋದಳು. ಮೆಟ್ಟಿಲು ನಲವತ್ತೆರಡು. ಹನ್ನೆರಡನೆಯದರಲ್ಲಿ ಹಮಾಲರು ತಡೆದರು. ದೋಣಿಯವಳಿಗೆ ಜೋಡು ಬೇಕಾಯ್ತಾ ಎಂದರು. ಬಿಚ್ಚಿಸಿದರು. ದಾರದಲ್ಲಿ ಕಟ್ಟಿ ಕೊರಳಿಗೆ ನೇತುಹಾಕಿದರು. ಈಗ ಹತ್ತು ಎಂದರು. ಅವಳು ಹಿಮದ ಮೇಲೆ ಮೂವತ್ತು ಮೆಟ್ಟಿಲು ಹತ್ತಿದಳು, ಪೇಟೆ ಬೀದಿ ದಾಟಿದಳು. ಔಷಧದ ಅಂಗಡಿಯವನು ಪೊಟ್ಟಣವನ್ನು ಕೈಗೆ ಕೊಡದೆ ನೆಲಕ್ಕೆಸೆದ. ಹೆಕ್ಕಿಕೊಂಡು ಹಾಗೇ ಇಳಿದು ಬಂದಳು. ಬೀದಿಗೆ ಬೀದಿಯೇ ನಗುತ್ತಿತ್ತು. ದೋಣಿಯಿಂದ ಅವ್ವ ನೋಡುತ್ತಿದ್ದಳು. ಔಷಧ ಬಂತು, ತಮ್ಮ ಉಳಿಯಲಿಲ್ಲ.

ಇಪ್ಪತ್ತು ವರ್ಷದ ಮೇಲೆ ಸರ್ಕಾರ ದೋಣಿ ಮಂದಿಗೆ ದಂಡೆಯಲ್ಲಿ ಮನೆ ಕೊಟ್ಟಿತು. ಅವ್ವ ಮನೆ ನೋಡಲು ಹೋಗಲಿಲ್ಲ. ಮೊದಲು ಹೊಸ ಜೋಡು ಹಾಕಿಕೊಂಡು ಮೆಟ್ಟಿಲ ತುದಿಯವರೆಗೆ ಹತ್ತಿ ಇಳಿದು ಬಂದಳು. ಬರಿಗಾಲಲ್ಲಿ ನೆಲ ಮುಟ್ಟಲಾರೆ ಎಂದು ಅವತ್ತೇ ಹೇಳಿದಳು.

"ಅವ್ವಾ, ಪಾರ್ಕಿನವ್ರು ನಿನ್ನ ಕರೀತಿದಾರೆ. ದೊಡ್ಡವ್ರು ಬರ್ತಾರಂತೆ" ಎಂದಳು ಲಿಂಗ್‌ಮೇ.

"ನನ್ನನ್ನಾ? ನಾನೇನು ಕುಣೀಬೇಕಾ?" ಹಲ್ಲಿಲ್ಲದ ಬಾಯಲ್ಲಿ ಅವ್ವ ನಕ್ಕಳು. "ಇಲ್ಲ ನನ್ನೂ ತೊಟ್ಟೀಲಿ ಹಾಕಿ ಎಸೀತೀಯಾ? ಆ ಕಡೆ ಹಿಡಿಯೋಕೆ ನಿಮ್ಮಪ್ಪ ಇಲ್ಲವಲ್ಲೇ."

"ಬಟ್ಟೆ ಬುಟ್ಟಿ ಹಿಡ್ಕೊಂಡು ಕೂತ್ರೆ ಸಾಕು."

"ಜೋಡು?"

ಲಿಂಗ್‌ಮೇ ಬೆಂಕಿಗೆ ಕಟ್ಟಿಗೆ ಒತ್ತಿದಳು. "ದೋಣಿ ಮೇಲೆ ಮಾತ್ರ ಬರಿಗಾಲು, ಅವ್ವಾ" ಎಂದಳು.

"ದೋಣಿ ಮೇಲೆ ಯಾರು ಜೋಡು ಹಾಕ್ತಾರೆ" ಎಂದು ಅವ್ವ ಸೂಜಿಗೆ ದಾರ ಪೋಣಿಸಲು ಕೊಟ್ಟಳು. ಲಿಂಗ್‌ಮೇ ತಲೆ ಎತ್ತದೆ ಪೋಣಿಸಿ ಕೊಟ್ಟಳು. ಊಟಕ್ಕೆ ಕೂತಾಗ ಶ್ವೇಶಂಗ್ ಅತ್ತೆಯ ಮುಖ ನೋಡಲಿಲ್ಲ. ಮೀನಿನ ಒಂದು ಮಗ್ಗುಲು ಮುಗಿದರೂ ದೋಣಿ ಮನೆಯಲ್ಲಿ ಅದನ್ನು ಮಗುಚಿ ಹಾಕುವುದಿಲ್ಲ, ದೋಣಿ ಮಗುಚುತ್ತದೆ ಎಂದು. ಮುಳ್ಳೆತ್ತಿ ಕೆಳಗಿನದನ್ನು ಬಿಡಿಸಿಕೊಳ್ಳುತ್ತಾರೆ. ಅವ್ವ ಹಾಗೆ ಬಿಡಿಸಿದ ಒಳ್ಳೆಯ ತುಂಡನ್ನು ಅವನ ಬಟ್ಟಲಿಗೆ ಹಾಕಿದಳು. ಅವನು ಅದನ್ನು ಅನ್ನದಡಿಗೆ ಸರಿಸಿ ಎದ್ದುಹೋದ.

ಆ ದಿನ ಬಿಸಿಲಿತ್ತು, ಬಿಸಿಯಿರಲಿಲ್ಲ. ಚಳಿಗಾಲಕ್ಕೆ ನೀರು ಇಳಿದು ಕಟ್ಟೆಯ ಎರಡೂ ಬದಿಗೆ ಕೆಸರು ಬಿದ್ದಿತ್ತು. ಮೆಟ್ಟಿಲಿಗೆ ನೇರವಾಗಿ ಸಣ್ಣ ದೋಣಿ ಬರುವಷ್ಟು ಮಾತ್ರ ಕಾಲುವೆ ತೋಡಿದ್ದರು. ದೊಡ್ಡವರನ್ನು ಮೇಲಿನ ಧಕ್ಕೆಯಿಂದ ಹತ್ತಿಸಿಕೊಂಡ ದೊಡ್ಡ ದೋಣಿಗೆ ಜಿನ್‌ಫೆಂಗ್ ಮತ್ತು ಮೂವರು ಹೆಂಗಸರು ಕೋಲು ಹಾಕಿ ತಂದು ನಡುನೀರಲ್ಲಿ ಹಿಡಿದು ನಿಂತಿದ್ದರು. ಅಲ್ಲಿ ಸೆಳೆತವಿದೆ. ಕೋಲು ಬಿಟ್ಟರೆ ದೋಣಿ ನಿಲ್ಲುವುದಿಲ್ಲ. ಒಳಗೆ ಕಂಬಳಿ ಹಾಸಿದ ಕುರ್ಚಿ, ಬಿಸಿ ಟೀ. ಮುಂದುಗಡೆ ಷೆನ್ ಮೇಷ್ಟ್ರು ಮೈಕು ಹಿಡಿದು ಪದ್ಯ ಹೇಳುತ್ತಿದ್ದರು. ಆಚೆಗೆ ಮದುಮಗಳ ದೋಣಿ, ತೊಟ್ಟಿಯಲ್ಲಿ ಟಿಂಗ್‌ಟಿಂಗ್. ಇನ್ನೂ ಆಚೆಗೆ ಶ್ವೇಶಂಗ್ ತಳವಿಲ್ಲದ ಬಲೆ ಹಿಡಿದು ಬೆನ್ನಿಗೆ ಕೈ ಒತ್ತಿಕೊಂಡು ನಿಂತಿದ್ದ.

ಲಿಂಗ್‌ಮೇ ಅವ್ವನನ್ನು ಸಣ್ಣ ದೋಣಿಯಲ್ಲಿ ಕರೆತಂದಳು. ಅವ್ವ ತಲೆ ಬಾಚಿ, ನೀಲಿ ಬಟ್ಟೆ ಕಟ್ಟಿಕೊಂಡಿದ್ದಳು. ದೋಣಿ ಹತ್ತುವಾಗಲೇ ಜೋಡು ಬಿಚ್ಚಿ ಬುಟ್ಟಿಗೆ ಹಾಕಿಕೊಂಡಿದ್ದಳು. ಬಹಳ ವರ್ಷದ ಮೇಲೆ ಪಾದಕ್ಕೆ ದೋಣಿಯ ಹಲಗೆ ಸಿಕ್ಕಿತ್ತು. ಬೆರಳು ಅಗಲಿಸಿ ಹಲಗೆ ಹಿಡಿದು ಕೂತಿದ್ದಳು. ಮುಖದಲ್ಲಿ ಖುಷಿ ಇತ್ತು. ಲಿಂಗ್‌ಮೇ ಮುಖ ತಿರುಗಿಸಿಕೊಂಡು ಕೋಲು ಹಾಕಿದಳು.

ದೋಣಿಯ ಮೂತಿ ಕಲ್ಲಿಗೆ ತಾಗಿತು. ಅವ್ವ ಬುಟ್ಟಿಯಿಂದ ಜೋಡು ತೆಗೆದಳು. ಅವಳಿಗೆ ಅದನ್ನು ಯಾರೂ ಹೇಳಬೇಕಾಗಿರಲಿಲ್ಲ.

ಮೂರನೇ ಮೆಟ್ಟಿಲಲ್ಲಿ ವಾಕಿಟಾಕಿ ಹಿಡಿದು ನಿಂತಿದ್ದ ಫಾಂಗ್ ಕೈ ಅಡ್ಡ ಮಾಡಿದ. "ಅಜ್ಜೀ, ಜೋಡು ಬೇಡ. ಹಾಗೇ ಬನ್ನಿ."

"ನೆಲ ಬಂತಲ್ಲಪ್ಪಾ" ಎಂದಳು ಅವ್ವ.

"ಹೌದು, ಹಾಗೇ ಬನ್ನಿ. ಬರಿಗಾಲಲ್ಲಿ. ಲಿಂಗ್‌ಮೇ, ಹೇಳಿಲ್ವಾ ನೀನು?"

ಅವ್ವ ಮಗಳ ಕಡೆ ತಿರುಗಿದಳು. ಬೈಯುತ್ತಾಳೆ ಎಂದುಕೊಂಡಳು ಲಿಂಗ್‌ಮೇ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದಳು. ಅವ್ವ ಬೈಯಲಿಲ್ಲ. ಮಗಳ ಊದಿದ ಕಾಲ್ಬೆರಳು ನೋಡಿದಳು, ದೂರದಲ್ಲಿ ಬೆನ್ನು ಹಿಡಿದು ನಿಂತ ಅಳಿಯನನ್ನು ನೋಡಿದಳು. ಎಲ್ಲ ಅರ್ಥವಾಗಿಹೋಯಿತು ಅವಳಿಗೆ.

"ಅವನ ಕೆಲಸಕ್ಕಾ?" ಎಂದಳು.

ಲಿಂಗ್‌ಮೇ ಕೋಲು ಊರಿ ದೋಣಿ ಅಲುಗದಂತೆ ಹಿಡಿದಳು.

"ಎಷ್ಟು ಮೆಟ್ಟಿಲು ಹತ್ತಿದ್ರೆ ಕೊಡ್ತಾರಂತೆ? ಎಲ್ಲಾನೂ ಹತ್ಬೇಕಾ?"

ಉತ್ತರಕ್ಕೂ ಕಾಯದೆ ಅವ್ವ ಜೋಡನ್ನು ಬುಟ್ಟಿಗೆ ಹಾಕಿದಳು. ಫಾಂಗ್‌ನ ಕೈ ಹಿಡಿಯಲಿಲ್ಲ. ಬಲಗಾಲನ್ನು ಕಲ್ಲಿನ ಮೇಲಿಟ್ಟಳು. ಪಾದ ಬೆಳ್ಳಗಿತ್ತು. ಐವತ್ತಾರು ವರ್ಷ ಕಲ್ಲು ಮುಟ್ಟದ, ಮಣ್ಣು ಕಾಣದ ಪಾದ. ಕಲ್ಲು ತಾಗಿದ್ದೇ ಬೆರಳುಗಳು ಒಳಕ್ಕೆ ಮುದುಡಿಕೊಂಡವು. ಎಡಗಾಲು ತಂದಳು. ಒಂದು ಮೆಟ್ಟಿಲು. ಎರಡು. ದೊಡ್ಡ ದೋಣಿಯಲ್ಲಿ ಚಪ್ಪಾಳೆ ಬಿತ್ತು. ಮೈಕಿನಲ್ಲಿ ಷೆನ್ ಮೇಷ್ಟ್ರು ನೀರಿನ ಮಕ್ಕಳ ಸರಳ ಬದುಕು ಎಂದರು. ತಲೆಯ ಮೇಲೆ ಕ್ಯಾಮೆರಾದ ಯಂತ್ರ ದುಂಬಿಯಂತೆ ಗುಂಯ್‌ಗುಟ್ಟುತ್ತಾ ಅವ್ವನ ಕಾಲಿನವರೆಗೆ ಇಳಿಯಿತು.

"ಅಜ್ಜೀ, ನಿಧಾನ. ಸ್ವಲ್ಪ ಬಗ್ಗಿ ನಡೀರಿ. ಬುಟ್ಟಿ ಭಾರ ಇರೋ ಹಾಗೆ" ಎಂದ ಫಾಂಗ್.

ಅವ್ವ ಬಗ್ಗಿದಳು.

ಲಿಂಗ್‌ಮೇ ಕೋಲು ಬಿಸಾಕಿದಳು. ಬಿಸಾಕಿದ್ದು ತಾನೇ ಎಂದು ಅವಳಿಗೆ ಆಮೇಲೆ ಗೊತ್ತಾಯಿತು. ಎರಡು ಹೆಜ್ಜೆಗೆ ಮೆಟ್ಟಿಲು ಹಾರಿ ಅವ್ವನ ಮುಂದೆ ಮಂಡಿಯೂರಿದಳು. ಬುಟ್ಟಿ ಕಿತ್ತುಕೊಂಡು ಜೋಡು ತೆಗೆದಳು. ಅವ್ವನ ಬಲಗಾಲನ್ನು ಎತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡು ಸೆರಗಂಚಿನ ಹಾಗೆ ಜೋತುಬಿದ್ದ ಅಂಗಿಯ ತುದಿಯಿಂದ ಒರೆಸಿದಳು. ಐಸಿನ ಹಾಗಿತ್ತು ಪಾದ. ಉಜ್ಜಿ ಉಜ್ಜಿ ಬಿಸಿ ಮಾಡಿ ಜೋಡು ಹಾಕಿದಳು.

"ಏಯ್! ಏನ್ ಮಾಡ್ತಿದೀಯ?" ಫಾಂಗ್ ಹಲ್ಲು ಕಚ್ಚಿ ಹೇಳಿದ. "ಎಲ್ಲಾ ನೋಡ್ತಿದಾರೆ. ತೆಗಿ ಅದನ್ನ. ಮೊದಲಿಂದ ಮಾಡಿ."

"ತೆಗೆಯಲ್ಲ."

"ಲಿಂಗ್‌ಮೇ!"

"ತೆಗೆಯಲ್ಲ ಅಂದ್ನಲ್ಲ. ಇದೇ ಮೆಟ್ಟಿಲಲ್ಲಿ ನಮ್ಮಜ್ಜಿ ಜೋಡು ಬಿಚ್ಚಿಸಿದ್ರು. ಕೊರಳಿಗೆ ಕಟ್ಟಿ ಮೆರೆಸಿದ್ರು. ನೀನು ಅದನ್ನೇ ಆಟ ಆಡಿಸ್ತಿದೀಯಾ? ನನ್ ಕೈಲೇ ನಮ್ಮವ್ವನ ಆಡಿಸ್ತಿದೀಯಾ?"

"ಅದೆಲ್ಲ ಯಾವ ಕಾಲದ್ದು. ಇದು ನಾಟಕ ಕಣಮ್ಮಾ, ನಾಟಕ."

"ಹಂಗಾದ್ರೆ ನಿಮ್ಮವ್ವನ ಕರ್ಕೊಂಡ್ ಬಾ. ಅವಳು ಹತ್ತಲಿ ಬರಿಗಾಲಲ್ಲಿ. ನಾನು ಕೂತ್ಕೊಂಡು ಟೀ ಕುಡೀತಾ ಚಪ್ಪಾಳೆ ಹೊಡೀತೀನಿ."

ಫಾಂಗ್‌ನ ಮುಖ ಕೆಂಪಾಯಿತು. "ನಿನ್ ಗಂಡನ ಕೆಲಸ ನೆನಪಿರ್ಲಿ."

ಲಿಂಗ್‌ಮೇಯ ಕೈ ನಿಂತಿತು. ಒಂದು ಕಾಲಿಗೆ ಜೋಡು ಹಾಕಿಯಾಗಿತ್ತು, ಇನ್ನೊಂದು ಕೈಯಲ್ಲಿತ್ತು. ಅವಳು ನೀರಿನ ಕಡೆ ನೋಡಿದಳು. ಶ್ವೇಶಂಗ್‌ಗೆ ಎಲ್ಲ ಕೇಳಿಸಿತ್ತು. ನೀರಿನ ಮೇಲೆ ಮಾತು ದೂರ ಹೋಗುತ್ತದೆ. ಅವನು ಯಾವತ್ತೂ ಹೆದರುಪುಕ್ಕಲನೇ. ದೋಣಿ ಕೊಯ್ದಾಗಲೂ ಗರಗಸದವನಿಗೆ ಸಿಗರೇಟು ಕೊಟ್ಟಿದ್ದ.

"ಇನ್ನೊಂದು ಕಾಲಿಗೂ ಹಾಕೇ!" ಎಂದು ಅಲ್ಲಿಂದ ಕೂಗಿದ. ದನಿ ಸೀಳಿಹೋಗಿತ್ತು. ಕೈಲಿದ್ದ ಬಲೆಯನ್ನು ನೀರಿಗೆ ಬಿಟ್ಟು ದೋಣಿಯೊಳಗೆ ಕುಸಿದು ಕೂತ.

ಲಿಂಗ್‌ಮೇ ಇನ್ನೊಂದು ಕಾಲಿಗೂ ಹಾಕಿದಳು.

ಆಮೇಲೆ ಆದದ್ದನ್ನು ಯಾರೂ ಬರೆದುಕೊಟ್ಟಿರಲಿಲ್ಲ. ದೊಡ್ಡ ದೋಣಿಯಲ್ಲಿ ಜಿನ್‌ಫೆಂಗ್ ಕೋಲು ಎತ್ತಿ ಒಳಗಿಟ್ಟಳು. "ನನ್ ಕಾಲೂ ತಣ್ಣಗಾಗಿದೆ" ಎಂದಳು, ಯಾರಿಗೋ ಹೇಳುವಂತೆ. ಮಿಕ್ಕ ಮೂವರೂ ಕೋಲು ಎತ್ತಿದರು. ಹಿಂದೆ ಕಟ್ಟಿದ್ದ ಪುಟ್ಟ ದೋಣಿಗೆ ಇಳಿದರು, ಹಗ್ಗ ಬಿಚ್ಚಿದರು, ಕೋಲುಗಳನ್ನೂ ತೆಗೆದುಕೊಂಡು ಕಟ್ಟೆಗೆ ಬಂದರು. ಷೆನ್ ಮೇಷ್ಟ್ರು ಮೈಕಿನಲ್ಲೇ "ಅಕ್ಕಾ, ಅಕ್ಕಾ, ಎಲ್ಲಿಗೆ?" ಎಂದರು. ಆ ಮಾತು ಪೇಟೆ ಬೀದಿಯವರೆಗೂ ಕೇಳಿಸಿತು.

ತಗಡಿನ ಪೆಟ್ಟಿಗೆಯ ಬೀಗದ ಕೈ ಫಾಂಗ್‌ನ ಕಿಸೆಯಲ್ಲಿತ್ತು. ಜಿನ್‌ಫೆಂಗ್ ಕೇಳಲಿಲ್ಲ. ಕೋಲಿನ ಕಬ್ಬಿಣದ ತುದಿಯನ್ನು ಚಿಲಕದ ಸಂದಿಗೆ ತೂರಿಸಿ ಮೈಭಾರ ಬಿಟ್ಟಳು. ಚಿಲಕ ಕಿತ್ತು ಬಂತು. ಐದು ಜೊತೆ ರಬ್ಬರ್ ಬೂಟು ಇದ್ದವು. ಹೆಂಗಸರು ಕಲ್ಲಿನ ಮೇಲೆ ಸಾಲಾಗಿ ಕೂತು ಹಾಕಿಕೊಂಡರು. ಲಿಂಗ್‌ಮೇಯದನ್ನು ಜಿನ್‌ಫೆಂಗ್ ತಂದು ಅವಳ ಮುಂದಿಟ್ಟಳು.

"ನಾಳೆಯಿಂದ ಯಾರೂ ಬರೋದು ಬೇಡ!" ಎಂದ ಫಾಂಗ್.

"ಬರೋದಕ್ಕೆ ಯಾವಳು ಸಾಯ್ತಿದಾಳೋ" ಎಂದಳು ಜಿನ್‌ಫೆಂಗ್. ಆದರೆ ಅವಳ ಮನೆಯಲ್ಲಿ ಹಾಸಿಗೆ ಹಿಡಿದ ಮಾವ ಇದ್ದ. ನಾಳೆಯಿಂದ ಏನು ಎಂಬುದು ಯಾರಿಗೂ ಗೊತ್ತಿರಲಿಲ್ಲ, ಎಲ್ಲರಿಗೂ ಭಯವಿತ್ತು.

ಕೋಲಿಲ್ಲದ ದೊಡ್ಡ ದೋಣಿ ಸೆಳೆತಕ್ಕೆ ಸಿಕ್ಕಿ ಮೆಲ್ಲಗೆ ತಿರುಗಿತು. ತಿರುಗಿ ಬಂದು ಕಟ್ಟೆಯ ಪಕ್ಕದ ಕೆಸರಿಗೆ ಮೂತಿ ಇಟ್ಟು ನಿಂತುಬಿಟ್ಟಿತು. ಒಳಗಿದ್ದ ದೊಡ್ಡವರಲ್ಲಿ ಒಬ್ಬರು ಎದ್ದರು, ದೋಣಿ ವಾಲಿತು, ಕೂತರು. ಟೀ ಚೆಲ್ಲಿತು. ತೊಟ್ಟಿಯಲ್ಲಿದ್ದ ಟಿಂಗ್‌ಟಿಂಗ್ "ನನ್ನನ್ನ ಯಾರು ಎಸೀತಾರೆ?" ಎಂದು ಕೂಗಿದಳು. ಪಾಪ, ಅವಳಿಗೆ ಇನ್ನೂ ಗೊತ್ತಾಗಿರಲಿಲ್ಲ.

ಕೊನೆಗೆ ಷೆನ್ ಮೇಷ್ಟ್ರೇ ಇಳಿದರು. ಚರ್ಮದ ಬೂಟು, ಕಾಲುಚೀಲ ಬಿಚ್ಚಿ ದೋಣಿಯಲ್ಲಿಟ್ಟರು. ಪ್ಯಾಂಟು ಮಡಚಿದರು. ಕೆಸರು ಮಂಡಿಯವರೆಗೆ ಹಿಡಿಯಿತು. ಒಂದೊಂದು ಕಾಲನ್ನೂ ಕೈಯಿಂದ ಎಳೆದು ಕೀಳುತ್ತಾ, ಎರಡು ಸಲ ಬಿದ್ದು, ಕಟ್ಟೆಯ ಬುಡಕ್ಕೆ ಬಂದರು. ಕನ್ನಡಕದ ಮೇಲೂ ಕೆಸರಿತ್ತು. ಹಲ್ಲು ಕಟಕಟ ಎನ್ನುತ್ತಿತ್ತು. ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟವರು ಹಾ ಎಂದು ಬೆರಳು ಮುದುಡಿದರು. ಅವ್ವನ ಬೆರಳು ಮುದುಡಿದ ಹಾಗೇ.

"ಲಿಂಗ್‌ಮೇ ಅಕ್ಕಾ" ಎಂದರು. "ನನ್ನಿಂದ ತಪ್ಪಾಗಿದ್ರೆ ಮಾತಾಡೋಣ. ಅವಮಾನ ಮಾಡ್ಬೇಕು ಅಂತ ನಾನು ಬರೀಲಿಲ್ಲ. ನಿಮ್ಮ ಜನದ ಬಗ್ಗೆ ನನಗೆ ಎಷ್ಟು ಪ್ರೀತಿ ಇದೆ ಅಂತ ನಿಮಗೇ ಗೊತ್ತು."

"ಗೊತ್ತು ಮೇಷ್ಟ್ರೇ" ಎಂದಳು ಲಿಂಗ್‌ಮೇ. "ನಾನು ಹೇಳಿದ್ದನ್ನ ಬರ್ಕೊಂಡ್ರಲ್ಲ ಅವತ್ತು. ಆ ಪುಸ್ತಕ ಇದೆಯಾ?"

ಮೇಷ್ಟ್ರ ಕೈ ಎದೆಯ ಕಿಸೆಗೆ ಹೋಯಿತು. ಪುಸ್ತಕ ಇತ್ತು. ಒದ್ದೆಯಾಗಿತ್ತು.

ಅವ್ವ ಆಗಲೇ ಹತ್ತತೊಡಗಿದ್ದಳು. ಕೈಯಲ್ಲಿ ಖಾಲಿ ಬುಟ್ಟಿ. ಬಗ್ಗಿರಲಿಲ್ಲ. ಬಟ್ಟೆಯ ಜೋಡು ಕಲ್ಲಿನ ಮೇಲೆ ಸದ್ದು ಮಾಡುವುದಿಲ್ಲ. ಆದರೂ ಅವಳು ಒಂದೊಂದು ಮೆಟ್ಟಿಲಿಗೂ ಹಿಮ್ಮಡಿ ಒತ್ತಿ ಇಡುತ್ತಿದ್ದಳು. ಲಿಂಗ್‌ಮೇ ಹಿಂದೆ, ಅವಳ ಹಿಂದೆ ಜಿನ್‌ಫೆಂಗ್, ಅವಳ ಹಿಂದೆ ಮೂವರು. ರಬ್ಬರ್ ಬೂಟುಗಳು ದಪದಪ ಎಂದವು. ದಾರಿಯಲ್ಲಿ ನಿಂತಿದ್ದ ಫಾಂಗ್ ಪಕ್ಕಕ್ಕೆ ಸರಿದ. ಪೇಟೆ ಬೀದಿಯ ತಿಂಡಿ ಅಂಗಡಿಯವರು ಮೇಲೆ ಬಂದು ಸಾಲಾಗಿ ನಿಂತು ನೋಡುತ್ತಿದ್ದರು. ಯಾರೂ ನಗಲಿಲ್ಲ.

ಷೆನ್ ಮೇಷ್ಟ್ರು ಹಿಂದಿನಿಂದ ಬಂದರು. "ಅಜ್ಜೀ, ಸ್ವಲ್ಪ ನಿಲ್ಲಿ. ಒಂದು ಮಾತು." ನಾಲ್ಕು ಮೆಟ್ಟಿಲು ಹತ್ತಿದರು. ಎಂಟು ಹತ್ತಿದರು. ಕೆಸರಿನ ಹೆಜ್ಜೆ ಕಲ್ಲಿನ ಮೇಲೆ ಒಂದೊಂದಾಗಿ ಮೂಡುತ್ತಾ ಬಂತು. ಹನ್ನೆರಡಕ್ಕೆ ಬಂದಾಗ ಅವರಿಗೆ ಆಗಲಿಲ್ಲ. ಕಾಲಿನಲ್ಲಿ ಜೀವವಿರಲಿಲ್ಲ. ಅಲ್ಲೇ ಕಲ್ಲಿನ ಮೇಲೆ ಕೂತು, ಎರಡೂ ಪಾದವನ್ನು ಕೈಯಲ್ಲಿ ಹಿಡಿದು ಉಜ್ಜಿಕೊಳ್ಳತೊಡಗಿದರು.

ಅವ್ವ ತಿರುಗಿ ನೋಡಿದಳು. ಕೆಳಗೆ ಕೂತ ಮನುಷ್ಯನನ್ನೂ ಅವನ ಕಾಲನ್ನೂ ಅವನು ಕೂತ ಮೆಟ್ಟಿಲನ್ನೂ ನೋಡಿದಳು. ಮುಖದಲ್ಲಿ ಸಿಟ್ಟಿರಲಿಲ್ಲ.

"ಏಳಪ್ಪಾ ಮೇಷ್ಟ್ರೇ" ಎಂದಳು. "ಇನ್ನೂ ಮೂವತ್ತಿದೆ. ನನ್ನವ್ವ ಕೂತಿರ್ಲಿಲ್ಲ."

ಹೇಳಿ ಮತ್ತೆ ಮೇಲಕ್ಕೆ ತಿರುಗಿ ಹತ್ತಿದಳು.